ಏಳು ಗಂಟೆಯ ಶರ್ವರಿ

ಹಿಮಾಯತ್‌ನಗರ, ಹೈದರಾಬಾದ್
18 ನವೆಂಬರ್ 2024

ಪ್ರೀತಿಯ ತಂಗಿ ಶಿವದೇವಿಗೆ,

ನಿನ್ನ ಅಕ್ಕನ ಆಶೀರ್ವಾದ. ದಸರೆಗೆ ಮೊದಲೇ ಬಂದ ನಿನ್ನ ಪತ್ರಕ್ಕೆ ದೀಪಾವಳಿ ಕಳೆದ ಮೇಲೆ ಉತ್ತರಿಸುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನಿನ್ನ ಭಾವ ಸದಾ ನನ್ನ ಪಕ್ಕದಲ್ಲೇ ಕೂತಿರುತ್ತಾರೆ. ಅವರ ಮರೆವು ಹೆಚ್ಚಾಗಿದೆ. ನೀನು ಕಳಿಸಿದ ಅನುವಾದದ ಕಾದಂಬರಿಯ ಓದು ಅರ್ಧಕ್ಕೇ ನಿಂತಿದೆ.

ರಾಯಚೂರಿನ ಮನೆಯಲ್ಲೂ ಕೇಬಲ್ ತೆಗೆಸಬೇಕೆಂದಿದ್ದೀರಿ, ಇಂಟರ್‌ನೆಟ್‌ನಲ್ಲಿ ಟಿವಿ ನೋಡಲು ಯಾವುದು ಒಳ್ಳೆಯದು ಎಂದು ಕೇಳಿದ್ದೀಯ. ನಮ್ಮಲ್ಲಿ ಆದದ್ದನ್ನು ಹೇಳುತ್ತೇನೆ.

ಎಲ್ಲ ಆರಿಸಿದವನು ರಾಹುಲ. "ಅವ್ವಾ, ಇನ್ನೂರು ಚಾನೆಲ್ ಅದಾವು, ನಾವು ನೋಡೋದು ನಾಕು," ಎಂದ. ಒಂದು ಆ್ಯಪ್‌ನಲ್ಲಿ ಕನ್ನಡ ಧಾರಾವಾಹಿಗಳಿವೆ, ವಾರ್ತೆ ಇಲ್ಲ. ಇನ್ನೊಂದರಲ್ಲಿ ವಾರ್ತೆ ನೇರವಾಗಿ ಬರುತ್ತದೆ. ಹೊಸ ಟಿವಿ ತಂದು ಎರಡನ್ನೂ ಹಾಕಿಸಿದ. ರೆಕಾರ್ಡ್ ಮಾಡುವುದು ಹೇಗೆ ಎಂದು ಕೇಳಿದೆ. "ರೆಕಾರ್ಡ್ ಯಾಕ ಬೇಕವಾ? ಎಲ್ಲಾ ಅದರಾಗ ಇರತೈತಿ," ಎಂದು ನಕ್ಕ. ಹೊಸ ರಿಮೋಟಿನಲ್ಲಿ ಮೈಕಿನ ಗುಂಡಿ ತೋರಿಸಿ, "ಅಪ್ಪಾ, ಇದನ್ನ ಒತ್ತಿ ಏನ್ ಬೇಕೋ ಅದರ ಹೆಸರು ಹೇಳ್ರಿ, ಬರತೈತಿ," ಎಂದು ಅವರಿಗೂ ಕಲಿಸಿದ. ಈ ಎರಡು ವರ್ಷದಲ್ಲಿ ಅವರು ಹೊಸದಾಗಿ ಕಲಿತದ್ದು ಅದೊಂದೇ.

ಕೇಬಲ್ಲಿನ ಹಳೆಯ ಡಬ್ಬಿಗೆ ಚುಚ್ಚಿದ್ದ ಪೆನ್‌ಡ್ರೈವ್ ನಿನಗೆ ನೆನಪಿದೆಯಲ್ಲ. ನಮ್ಮ ಶರ್ವರಿ ಡೆಂಗಿಯಲ್ಲಿ ಹೋಗುವ ಹಿಂದಿನ ವರ್ಷ ಕನ್ನಡ ಚಾನೆಲ್ಲಿನ ಅಡುಗೆ ಕಾರ್ಯಕ್ರಮದಲ್ಲಿ ಪುಂಡಿಪಲ್ಯ ಮಾಡಿದ್ದು ಅದರಲ್ಲಿತ್ತು. ಮಗಳು ಹೋದದ್ದು ಅವರಿಗೆ ನೆನಪಿಲ್ಲ. ದಿನಾ ಸಂಜೆ ಏಳಕ್ಕೆ ನಾನು ಅದನ್ನು ಹಾಕಬೇಕಿತ್ತು. ಅವಳು ಒಗ್ಗರಣೆ ಕೊಟ್ಟು, "ಇದು ನಮ್ಮಪ್ಪಗ ಭಾಳ ಸೇರತೈತಿ," ಎಂದು ಈ ಕಡೆ ನೋಡುತ್ತಾಳೆ. ಅವರು "ಹೌದವಾ," ಎನ್ನುತ್ತಿದ್ದರು. ಆಮೇಲೆ ಊಟ ಮಾಡುತ್ತಿದ್ದರು.

ರಾಹುಲ ಪೆನ್‌ಡ್ರೈವ್ ಜೋಪಾನವಾಗಿ ತೆಗೆದಿಟ್ಟುಕೊಂಡೇ ಡಬ್ಬಿಯನ್ನು ಕೇಬಲ್‌ನವರಿಗೆ ಕೊಟ್ಟ. ಹೊಸ ಟಿವಿಯಲ್ಲಿ ಅದು ತೆರೆಯಲಿಲ್ಲ. ಕೇಬಲ್ಲಿನ ಮಾಣಿಕಪ್ಪನನ್ನು ಕರೆಸಿದೆವು. "ಆ ಡಬ್ಬಿದಾಗ ರೆಕಾರ್ಡ್ ಮಾಡಿದ್ದು ಆ ಡಬ್ಬಿದಾಗ ಅಷ್ಟೇ ನಡೀತೈತ್ರಿ ಅಕ್ಕಾರ. ಅದನ್ನ ರೀಸೆಟ್ ಮಾಡಿ ಬ್ಯಾರೆ ಮನಿಗೆ ಕೊಟ್ಟೀವ್ರಿ. ಇನ್ನ ಅದರಾಗೂ ನಡಿಯೂದಿಲ್ರಿ," ಎಂದ. ಚಾನೆಲ್‌ನವರು ಹಳೆಯ ಕಂತುಗಳನ್ನು ಉಳಿಸಿಲ್ಲವಂತೆ. ದಿನಾ ಮನೆಯಲ್ಲೇ ಬರುತ್ತಿದ್ದದ್ದನ್ನು ಫೋನಿಗೆ ಇಳಿಸಿಕೊಳ್ಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ರಾಹುಲ ಆ ದಿನ ಶಂಶಾಬಾದಿನ ಡ್ಯೂಟಿಗೆ ಹೋಗದೆ, ಬೂಟು ಹಾಕಿಕೊಂಡೇ ಮಂಚದ ಮೇಲೆ ಕೂತಿದ್ದ.

"ಏಳಾತು. ಶರ್ವರಿನ್ನ ಹಚ್ಚು," ಎನ್ನುತ್ತಾರೆ ಇವರು.

"ಇವತ್ತ ಆಕಿ ಬರೂದಿಲ್ರಿ."

"ಯಾಕ, ರಜಾ ಏನು ಆಕಿಗೆ?"

"ಹೌದ್ರಿ, ರಜಾ."

"ಭಾಳ ರಜಾ ಹಾಕ್ತಾಳ. ಕೆಲಸದಿಂದ ತಗದಾರು, ಹೇಳು ಆಕಿಗೆ."

ಆಮೇಲೆ ತಾವೇ ಮೈಕಿನ ಗುಂಡಿ ಒತ್ತಿ "ಶರ್ವರಿ" ಎನ್ನುತ್ತಾರೆ. ಟಿವಿ ಯಾವುಯಾವುದೋ ತೆಲುಗು ಹಾಡು, ಯಾರುಯಾರದೋ ಹೆಣ್ಣುಮಕ್ಕಳ ಮುಖ ತೋರಿಸುತ್ತದೆ. ಇವರು ಒಂದೊಂದನ್ನೂ ನೋಡಿ, "ಈಕಿ ಅಲ್ಲ," ಎನ್ನುತ್ತಾರೆ. ಊಟ ಹಾಗೇ ಉಳಿಯುತ್ತದೆ.

ನಿಮ್ಮಲ್ಲಿ ಕೇಬಲ್ ತೆಗೆಸುವುದಾದರೆ ತೆಗೆಸಿ, ತಪ್ಪೇನಿಲ್ಲ. ಆದರೆ ರೆಕಾರ್ಡ್ ಆದದ್ದರಲ್ಲಿ ಬೇಕಾದುದು ಏನಾದರೂ ಇದ್ದರೆ, ಡಬ್ಬಿ ಕೊಡುವ ಮೊದಲು ಅದನ್ನು ಟಿವಿಯಲ್ಲಿ ಹಾಕಿ ಫೋನಿನಲ್ಲಿ ಹಿಡಿದಿಟ್ಟುಕೋ.

ಅಪೂರ್ವಳಿಗೆ ಪರೀಕ್ಷೆ ಚೆನ್ನಾಗಿ ಆಗಲಿ. ನಿಮ್ಮೆಲ್ಲರನ್ನೂ ದೇವರು ಆರೋಗ್ಯವಾಗಿಟ್ಟಿರಲಿ.

ನಿನ್ನ
ಅಕ್ಕ

ಮರೆತ ಮಾತು: ನಿನ್ನೆ ಏಳಕ್ಕೆ ಇವರು ಗುಂಡಿ ಒತ್ತಿ, ರಿಮೋಟನ್ನು ಬಾಯಿಯ ಹತ್ತಿರ ಹಿಡಿದು ಸುಮ್ಮನೆ ಕೂತರು. ಆಮೇಲೆ ನನ್ನ ಕಡೆ ತಿರುಗಿ, "ಏನಂತ ಹೇಳತಿದ್ದೆ ನಾ?" ಎಂದು ಕೇಳಿದರು. ಹೆಸರು ಹೇಳಿಕೊಟ್ಟೆ. ಹಾಗೇ ಹೇಳಿದರು. ಯಾರೋ ಒಬ್ಬಳು ಬಂದು ಹಾಡತೊಡಗಿದಳು. ಈಕಿ ಅಲ್ಲ ಎಂದು ಅವರು ಹೇಳಲಿಲ್ಲ. ಕೊನೆಯವರೆಗೂ ನೋಡಿ, ಊಟ ಮಾಡಿದರು.