ಸುಣ್ಣ ಬಳದ ಕಲ್ಲು

ದುರ್ಗ್ಯಾ,

ನೀ ಸತ್ತು ಹೋದ ಊರಿಗೆ ಟಪಾಲ ಮುಟ್ಟೂದಿಲ್ಲ, ಆದ್ರೂ ಬರೀತೇನಿ.

ನಿನ್ನೆ ನಿನ್ನ ಮೊಮ್ಮಗಳು ಪೂನಮ್ ನನ್ನ ಕಯಾಕ ಅನ್ನೂ ಸಣ್ಣ ದೋಣ್ಯಾಗ ಕೂಡ್ರಿಸಿಕೊಂಡು, ಮಲಪ್ರಭಾದಾಗ ನೀ ದೋಣಿ ನಡಸ್ತಿದ್ದ ಹಳೇ ದಾರಿ ಹಿಡದು ತೊರಗಲ್ಲಿಗೆ ಹೊಂಟ್ಲು. ಹುಟ್ಟಿದಾಗಿಂದ ಹುಟ್ಟು ಹಿಡದಾಂವಲ್ಲ ನಾ. ಅರ್ಧ ಹೊಳಿ ನನ್ನ ಧೋತರದಾಗ ಬಂತು.

ದಂಡ್ಯಾಗ ನೀ ಕೆಸರು ತಪ್ಪಸಾಕ ಗುರುತಿಗೆ ಇಟ್ಟಿದ್ದ ಸುಣ್ಣದ ಕಲ್ಲು ಕಂಡಿತು. ಹಿಂದೊಮ್ಮೆ ಚ್ಯಾಷ್ಟಿಗೆ ಅದನ್ನ ಸರಿಸಿದಾಂವ ನಾನ. ಮದಿವಿ ದಿಬ್ಬಣದ ನಿನ್ನ ದೋಣಿ ಕೆಸರಾಗ ಸಿಕ್ತು, ನೀ ಬೈಸಿಕೊಂಡಿ, ನಾ ಬಾಯಿ ಬಿಡಲಿಲ್ಲ.

"ಮುತ್ಯಾ, ಕಲ್ಲಿನ ಬಲಕ್ಕ ಹೋಗೂಣ್ರಿ," ಅಂದ್ಲು ಪೂನಮ್. "ಇದು ಗೆಳೆಯಾ ಸರಿಸಿಟ್ಟ ಕಲ್ಲು ಅಂತ ನಮ್ಮಜ್ಜ ಇಲ್ಲೇ ಬಿಟ್ಟು, ವರ್ಷಾ ಸುಣ್ಣಾ ಬಳೀತಿದ್ದ."

ನಿನಗ ಗೊತ್ತಿತ್ತಲ್ಲೋ! ಆದ್ರೂ ಸಾಯೂತನಕ ನನ್ನ ಕೂಡ ಚಾ ಕುಡದಿ.

ಇವತ್ತ ಸುಣ್ಣಾ ಕಲಸೇನಿ. ಈ ಸಲ ಸರಸೂದಿಲ್ಲೋ, ಬರೇ ಬಳಿತೇನಿ.

ನಿನ್ನ ಬಸಲಿಂಗ್ಯಾ