ಗುಡ್ಡದಲ್ಲಿ ಉಳಿದವಳು

ಕೋಡಿಬಾಗ, ಕಾರವಾರ
ಡಿಸೆಂಬರ್ ೧೦, ಬುಧವಾರ

ಪ್ರೀತಿಯ ಪ್ರೇಕ್ಷಾ,

ಆಯಿ ಕಾಗದ ಬರೆದಳೆಂದು ಗಾಬರಿಯಾಗಬೇಡ. ಫೋನ್ ಮಾಡಿದರೆ ಪಕ್ಕದಲ್ಲೇ ಪಪ್ಪ ಕೂತಿರುತ್ತಾರೆ. ಅವರ ಮುಖ ನೋಡುತ್ತ ನನಗೆ ಏನೂ ಹೇಳಲಾಗುವುದಿಲ್ಲ. ಪಕ್ಕದ ಮನೆಯ ಸಪ್ನಾ ನಾಳೆ ಮಡಗಾಂವಿಗೆ ಬರುತ್ತಾಳೆ, ಅವಳ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ.

ನೀನು ಪಪ್ಪನ ಫೋನ್ ಎತ್ತುತ್ತಿಲ್ಲವಂತೆ. ಆಯಿಯನ್ನು ಕಾಡಿನಲ್ಲಿ ಬಿಟ್ಟು ಹೋದವರ ಹತ್ತಿರ ನನಗೇನು ಮಾತು ಎಂದೆಯಂತೆ. ಹಾಗನ್ನಬೇಡ ಮಗಳೇ.

ಗುಡ್ಡ ಹತ್ತುವ ಆ ಭಾನುವಾರದ ಬಳಗವನ್ನು ಅವರು ಎಷ್ಟು ಆಸೆಯಿಂದ ಕಟ್ಟಿದರೆಂದು ನಿನಗೆ ಗೊತ್ತು. ಕಂಡಕ್ಟರಾಗಿದ್ದಷ್ಟು ದಿನ ಬಸ್ಸಿನ ಕಿಟಕಿಯಿಂದ ನೋಡಿದ ಗುಡ್ಡಗಳನ್ನೆಲ್ಲ ಈಗ ಹತ್ತುತ್ತೇನೆ ಎನ್ನುತ್ತಿದ್ದರು. ಅಡುಗೆಮನೆ ಬಿಟ್ಟು ಬಾರದ ಹೆಂಗಸರು ಕೂಡ ಬೂಟು ಹಾಕಿಕೊಂಡು ಹೊರಟರು. ಅವರಲ್ಲಿ ಸುನೀತಾಳಂತೂ ಸಕ್ಕರೆ ಕಾಯಿಲೆ ಹತೋಟಿಗೆ ಬಂತೆಂದು ಹೋದಲ್ಲೆಲ್ಲ ಹೇಳುತ್ತಿದ್ದಳು. ನನಗೂ ಆಸೆಯಾಗಿ ಕಳೆದ ವಾರ ಹೊರಟೆ.

ಚೆಂಡಿಯಾ ಊರಿನ ಆಚೆಯ ಗುಡ್ಡ. ಅರ್ಧ ಹತ್ತುವಷ್ಟರಲ್ಲಿ ನನಗೆ ಏದುಸಿರು. ಪಪ್ಪ ತಿರುಗಿ ನೋಡಿ, "ಏ ಪ್ರೇಕ್ಷಾನ ಆಯಿ, ನೀ ಇಲ್ಲೇ ಕುತ್ಕ ಮಾರಾಯ್ತಿ. ನಿನ್ ಕಾಲು ನಂಬ್ಕಂಡ್ರೆ ನಾವು ನಾಳೆಗೂ ಮುಟ್ಟೂದಿಲ್ಲ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹಳ್ಳದ ಪಕ್ಕದ ಬಂಡೆಯ ಮೇಲೆ ನನ್ನನ್ನು ಕೂರಿಸಿ, ನೀರಿನ ಬಾಟಲಿ ಕೊಟ್ಟು ಮೇಲೆ ಹೋದರು.

ಕೂತವಳಿಗೆ ಮಂಗಟ್ಟೆ ಹಕ್ಕಿ ಕಂಡಿತು. ಅಷ್ಟು ದೊಡ್ಡ ಹಕ್ಕಿ! ರೆಕ್ಕೆಯ ಸದ್ದು ಗಾಳಿ ಬೀಸಿದ ಹಾಗೆ. ಅದರ ಹಿಂದೆ ನಡೆಯುತ್ತ ನಡೆಯುತ್ತ ಮರಗಳ ನಡುವೆ ಹೋಗಿಬಿಟ್ಟೆ. ಅವರು ಇಳಿದು ಬಂದಾಗ ಬಂಡೆಯ ಮೇಲೆ ನಾನಿಲ್ಲ. ಎಲ್ಲರೂ ಕೂಗುತ್ತ ಹುಡುಕಿದರಂತೆ. ಹಳ್ಳದ ಸದ್ದಿಗೆ ಏನೂ ಕೇಳಿಸಲಿಲ್ಲ ಎಂದು ನಾನು ಎಲ್ಲರಿಗೂ ಹೇಳಿದ್ದೇನೆ. ಹುಡುಕುವಾಗ ಸುನೀತಾ ಪಾಚಿಯ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು.

ಈಗ ಊರಿನವರ ಬಾಯಲ್ಲಿ ಒಂದೇ ಮಾತು, ಕಂಡಕ್ಟರ್ ಹರಿಶ್ಚಂದ್ರ ಹೆಂಡತಿಯನ್ನೇ ಬಿಟ್ಟು ಹೋದ ಎಂದು. ತಪ್ಪು ತನ್ನದೇ, ಇನ್ನು ಯಾರನ್ನೂ ಕರೆದೊಯ್ಯುವುದಿಲ್ಲ ಎಂದು ಪಪ್ಪ ಬಳಗದ ಗ್ರೂಪಿನಲ್ಲಿ ಹಾಕಿದರು. ಬೂಟು ತೊಳೆದು ಅಟ್ಟಕ್ಕೆ ಹಾಕಿದ್ದಾರೆ. ಬೆಳಿಗ್ಗೆ ನಾನು ಏಳುವ ಮೊದಲೇ ಚಹಾ ಮಾಡಿಟ್ಟಿರುತ್ತಾರೆ. ಆ ಚಹಾ ಆರುವ ತನಕ ಕೈಯಲ್ಲೇ ಹಿಡಿದು ಕೂತಿರುತ್ತೇನೆ.

ಅವರ ಮೇಲೆ ಸಿಟ್ಟು ಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಆಯಿ, ವೈಜಯಂತಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನನಗೆ ಎಲ್ಲ ಕೇಳಿಸಿತ್ತು ಪ್ರೇಕ್ಷಾ. ಮರದ ಮರೆಯಲ್ಲೇ ಇದ್ದೆ. ಮೊದಲು ಸಿಟ್ಟಿನಿಂದ ಸುಮ್ಮನಿದ್ದೆ, ಎಲ್ಲರ ಎದುರು ನನ್ನನ್ನು ನಗೆಪಾಟಲು ಮಾಡಿದರಲ್ಲ, ಸ್ವಲ್ಪ ಹುಡುಕಲಿ ಎಂದು. ಆಮೇಲೆ ಅವರು "ವೈಜಯಂತೀ" ಎಂದು ಕೂಗಿದರು. ಮದುವೆಯಾದಾಗಿನಿಂದ ಒಮ್ಮೆಯೂ ಹೆಸರು ಹಿಡಿದು ಕರೆದವರಲ್ಲ. ದನಿ ಒಡೆದುಹೋಗಿತ್ತು. ಇನ್ನೊಮ್ಮೆ ಕೂಗಲಿ ಎಂದು ಕೂತೆ. ಮತ್ತೊಮ್ಮೆ, ಮತ್ತೊಮ್ಮೆ. ಸುನೀತಾ ಚೀರಿದ ಮೇಲೇ ಎದ್ದು ಹೊರಗೆ ಬಂದದ್ದು. ನಾಳೆ ಅವಳ ಮನೆಗೆ ಹೋಗಿ ಹೇಳುತ್ತೇನೆ. ಪಪ್ಪನಿಗೆ ಇವತ್ತೇ ಹೇಳಬೇಕು. ಅವರು ಅಂಗಳದಲ್ಲಿ ಕೂತಿದ್ದಾರೆ, ಇಲ್ಲಿಂದ ಬೆನ್ನು ಕಾಣುತ್ತಿದೆ. ನೀನು ಅವರ ಫೋನ್ ಎತ್ತು ಮಗಳೇ. ಬೇಕಾದರೆ ನನ್ನದು ಎತ್ತಬೇಡ.