ಹೆಬ್ಬಾವಿಗೊಂದು ಬೆಚ್ಚನೆಯ ಕೋಣೆ

ಪಾಪಾಂತ್ಲಾ
ನವೆಂಬರ್ ೧೭, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಸೊಂಟನೋವು ಹೇಗಿದೆ? ಕಾನ್ಕೂನಿನ ಆ ಹೋಟೆಲಿನವರು ಹಾಸಿಗೆ ಎತ್ತಲು ಈಗಲಾದರೂ ಇನ್ನೊಬ್ಬಳನ್ನು ಕೊಟ್ಟರೇ, ಇಲ್ಲ ಇಡೀ ಮಹಡಿಯನ್ನು ನಿನ್ನ ತಲೆಗೇ ಕಟ್ಟಿದ್ದಾರೆಯೇ? ನಾನು ಚೆನ್ನಾಗಿದ್ದೇನೆ. ಅಂದರೆ, ಅನಾಟಮಿ ಟೆಸ್ಟು ಹತ್ತಿರ ಬಂತೆಂದು ಬಚ್ಚಲಲ್ಲೂ ಮೂಳೆಗಳ ಹೆಸರು ಉರುಹೊಡೆಯುವುದನ್ನು ಬಿಟ್ಟರೆ ಚೆನ್ನಾಗಿದ್ದೇನೆ. ಆದರೆ ಈ ಮನೆಯಲ್ಲಿ ನನಗಾದ ಅನ್ಯಾಯವನ್ನು ನಿನಗೆ ಹೇಳದೆ ನಾನು ವೆರಾಕ್ರೂಸಿನ ಬಸ್ಸು ಹತ್ತುವವಳಲ್ಲ.

ಹೆಬ್ಬಾವಿನ ವಿಷಯ ಫೋನಿನಲ್ಲಿ ಹೇಳಿದ್ದೆನಲ್ಲ. ನಾನೇನು ಬಣ್ಣಕ್ಕೆ ಮರುಳಾಗಿ ತಂದವಳಲ್ಲ. ಅಂಗಡಿಯವನು ಮೊದಲು ಮೈತುಂಬ ಬಲೆಯಂಥ ಗೆರೆಗಳಿದ್ದ ಇನ್ನೊಂದು ಜಾತಿ ತೋರಿಸಿ, "ತಗೊಳ್ಳಮ್ಮಾ, ಇದು ಕುಳ್ಳ ತಳಿ, ಬೆಕ್ಕಿನ ಥರ ಸಾಧು" ಅಂದ. ಅದು ಗಾಜಿಗೆ ಮೂತಿ ಬಡಿದು ಬಡಿದು ಗಾಯ ಮಾಡಿಕೊಂಡಿತ್ತು. ಸಾಧುವಂತೆ! ನಾನು ಆರಿಸಿದ್ದು ಬರ್ಮಾ ಜಾತಿಯ ಹೆಣ್ಣನ್ನು. ಸಾಕಣೆಯಲ್ಲೇ ಹುಟ್ಟಿದ್ದು, ಕಾಗದಪತ್ರ ಸರಿಯಿದೆ, ನನ್ನ ಕಣ್ಣೆದುರೇ ಸತ್ತ ಇಲಿ ನುಂಗಿತು, ಕೈಗೆತ್ತಿಕೊಂಡರೆ ಬುಸ್ ಅನ್ನಲಿಲ್ಲ. ಈಗ ನನ್ನ ಎತ್ತರದಷ್ಟು ಉದ್ದವಿದೆ, ಬೆಳೆದರೆ ಇದರ ಎರಡರಷ್ಟು, ಇನ್ನೂ ಹೆಚ್ಚೂ ಆದೀತು. ಹಾಸ್ಟೆಲಿನ ವಾರ್ಡನ್ ಮೀನು ಸಾಕಲೂ ಬಿಡುವುದಿಲ್ಲ. ಇಲ್ಲಿಗಲ್ಲದೆ ಎಲ್ಲಿಗೆ ತರಲಿ? ಬಾಗಿಲು ಭದ್ರವಾಗಿರುವ, ಗಾಳಿ ನುಗ್ಗದ ಒಂದು ಕೋಣೆ. ನಾನು ಕೇಳಿದ್ದು ಅಷ್ಟೇ.

ಇಡೀ ಮನೆಯಲ್ಲಿ ಅಂಥದ್ದಿರುವುದು ಒಂದೇ, ನಿನ್ನದು. ನಾನು ಬಾಯಿ ತೆರೆಯುವ ಮೊದಲೇ ತಾತ, "ಅವಳ ಕೋಣೆ ಮುಟ್ಟಬೇಡ. ಕ್ರಿಸ್‌ಮಸ್‌ಗೆ ಬರ್ತಾಳೆ" ಅಂದರು. ಹೋದ ಕ್ರಿಸ್‌ಮಸ್‌ಗೂ ಇದನ್ನೇ ಅಂದಿದ್ದರು. ಸರಿ, ಅಡುಗೆಮನೆ ಪಕ್ಕದ ಮೂಲೆಯಲ್ಲಿ ಬಡಗಿಯಿಂದ ಪೆಟ್ಟಿಗೆ ಮಾಡಿಸಿದೆ. ಮುಂದೆ ದಪ್ಪ ಗಾಜು, ಒಂದು ತುದಿಗೆ ಹೀಟರು, ಅದಕ್ಕೆ ಥರ್ಮೋಸ್ಟಾಟು, ಮೈ ನೆನೆಸಿಕೊಳ್ಳಲು ತೊಟ್ಟಿ, ಮೇಲೆ ಬೀಗ. ಚಿಕ್ಕಮ್ಮ ತೋಮಾಸಾ ಅದಕ್ಕೊಂದು ಸುತ್ತು ಬಂದು, "ನಮ್ ಚರ್ಚಿನ್ ಸಂತರಿಗೂ ಇಷ್ಟ್ ಚೆಂದದ ಗಾಜಿನ್ ಮನೆ ಇಲ್ಲ ಕಣೇ. ಮೇಣದಬತ್ತಿ ಹಚ್ಚಲಾ?" ಎಂದು ಅಣಕಿಸಿದಳು. ಬೀಗದ ಕೈಯನ್ನು ತಾತನ ಕೈಗಿಟ್ಟು ವೆರಾಕ್ರೂಸಿಗೆ, ಪಶುವೈದ್ಯ ಕಾಲೇಜಿಗೆ ಹೋದೆ.

ಈ ಶುಕ್ರವಾರ ಬಂದು ನೋಡಿದರೆ ಪೆಟ್ಟಿಗೆ ಖಾಲಿ! ತಾತ ಮಾತ್ರ ಆರಾಮಾಗಿ ಕಾಫಿಗೆ ಸಿಹಿ ಬ್ರೆಡ್ಡು ಅದ್ದುತ್ತ, "ಚಾಟಾನಾ? ಕಣಜದಲ್ಲವಳೆ. ಮಸಾಕ್ವಾತೇನ ಯಾರಾದ್ರೂ ಪೆಟ್ಟಿಗೇಲಿಡ್ತಾರೇನೇ? ಕಾಳು ಕಾಯೋಳು ಅವಳು" ಅಂದರು. ಚಾಟಾ, ಚಪ್ಪಟೆ ಮೂಗಿನವಳು ಅಂತ ಹೆಸರು ಬೇರೆ ಇಟ್ಟಾಗಿದೆ! ಕಣಜದಲ್ಲಿ ಇಲಿ ಹಿಡಿಯುವ ನಮ್ಮೂರ ಮಸಾಕ್ವಾತೆ ಹಾವು ಅವರಿಗೆ ಮನೆಯವಳಿದ್ದಂತೆ, ನಿನಗೆ ಗೊತ್ತಲ್ಲ. ಇದು ಅದಲ್ಲ ತಾತಾ, ಇದು ಏಷ್ಯಾದ್ದು, ಇಲಿ ಮುಗಿದರೆ ಕೋಳಿ, ಕೋಳಿ ಮುಗಿದರೆ ಮೇಕೆಮರಿ, ಉತ್ತರದ ಥಂಡಿ ಗಾಳಿ ಬೀಸಿದರೆ ನ್ಯುಮೋನಿಯಾ ಎಂದು ಅರಚಿದೆ. "ಏಷ್ಯಾದೋರಿಗೆ ಇಲಿ ರುಚಿಸಲ್ವಾ?" ಅಂದರು.

ಕಣಜದಲ್ಲೂ ಅವಳಿರಲಿಲ್ಲ. ಅದೇ ಸಂಜೆ ಉತ್ತರದ ಗಾಳಿ ಎದ್ದಿತು. ನಿನ್ನೆ ಬೆಳಿಗ್ಗೆ ಚಿಕ್ಕಮ್ಮ ರೊಟ್ಟಿ ಬೇಯಿಸಲು ಹೋದವಳು ಕಿಟಾರನೆ ಕಿರುಚಿದಳು. ಒಲೆಯ ಹಿಂದೆ, ಬಿಸಿ ಇಟ್ಟಿಗೆಗೆ ಒತ್ತಿಕೊಂಡು ಚಾಟಾ ಸುರುಳಿ ಸುತ್ತಿ ಮಲಗಿದ್ದಳು. ಪಕ್ಕದ ಮನೆಯ ದೋನ್ ಅಬುಂದಿಯೊ ಮಚ್ಚು ಹಿಡಿದೇ ಬಂದ. "ಸರೀರಿ ದೊಡ್ಡೋರೇ, ಒಂದೇ ಏಟು!" ತಾತ ಕಾಫಿ ಲೋಟದ ಸಮೇತ ಅಡ್ಡ ನಿಂತು, "ಮೊದ್ಲು ನಂಗ್ ಹೊಡಿ. ನಮ್ಮನೆ ಹೆಣ್ಣು ಅದು" ಅಂದರು. ಇದಕ್ಕೆ ನಾನು ಕೈಮುಗಿಯಬೇಕು ಅನ್ನುತ್ತಾಳೆ ಚಿಕ್ಕಮ್ಮ! ಮಚ್ಚು ಬರುವ ಹಾಗೆ ಮಾಡಿದವರು ಯಾರಮ್ಮಾ? ಇನ್ನೊಂದು ಸಲ ಹೊರಗೆ ಕಂಡರೆ ಯಾರನ್ನೂ ಕೇಳುವುದಿಲ್ಲ ಎಂದು ಹೇಳಿಯೇ ಹೋಗಿದ್ದಾನೆ ಅಬುಂದಿಯೊ. ಅವನ ಮನೆಯಲ್ಲಿ ತೆವಳುವ ಮೊಮ್ಮಗಳಿದ್ದಾಳೆ, ಅವನನ್ನೂ ಬೈಯಲಾರೆ. ಈಗ ಚಾಟಾ ಉಸಿರೆಳೆದರೆ ಸೀಟಿಯಂಥ ಸದ್ದು ಬರುತ್ತಿದೆ. ನಮ್ಮ ಪ್ರೊಫೆಸರಿಗೆ ಫೋನು ಮಾಡಿದರೆ, ಮೂಲೆಯ ಪೆಟ್ಟಿಗೆ ಸಾಲದು, ಸುತ್ತಲಿನ ಗಾಳಿಯೇ ಬೆಚ್ಚಗಿರಬೇಕು, ನಾಳೆಯೇ ಡಾಕ್ಟರನ್ನು ಮನೆಗೆ ಕಳಿಸುತ್ತೇನೆ ಅಂದರು. ಅದನ್ನು ತಾತನೆದುರು ಕೂಗಿಯೇ ಹೇಳಿದೆ. ಅವರು ಟೋಪಿ ಹಾಕಿಕೊಂಡು ಎದ್ದು ಹೋದರು.

ಚಿಕ್ಕಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಅವಳು ಕಟ್ಟಿಕೊಟ್ಟ ಮುಲಾಮು ಈ ಪತ್ರದ ಜೊತೆಗಿದೆ, ಸೊಂಟಕ್ಕೆ ಹಚ್ಚಿಕೋ. ದೇವಮಾತೆ ನಿನ್ನನ್ನು ಕಾಯಲಿ.

ಸಿಟ್ಟು ಇನ್ನೂ ಇಳಿಯದ ನಿನ್ನ ಮಗಳು,
ನೆರೈದಾ

ತಾ.ಕ.: ಬಸ್ಸು ಹಾರ್ನು ಹೊಡೆಯುತ್ತಿದೆ. ಚಾಟಾ ಹೀಟರಿನ ಸಮೇತ ನಿನ್ನ ಕೋಣೆಯಲ್ಲಿದ್ದಾಳೆ. ನಿನ್ನ ಮಂಚ ಬಿಚ್ಚಿದವಳು ನಾನಲ್ಲ. ತಾತ. ಒಂದೊಂದೇ ಹಲಗೆಯನ್ನು ಹೊತ್ತು ಕಣಜದಲ್ಲಿಟ್ಟು ಬಂದರು. ನೀನು ಬರುವುದಾದರೆ ಹೇಳು, ಮತ್ತೆ ಜೋಡಿಸುತ್ತೇನೆ. ಬರುವುದಿಲ್ಲವಾದರೆ ಅದನ್ನೂ ಹೇಳಮ್ಮಾ. ನನಗಲ್ಲ, ಅವರಿಗೆ.